ಕಾರಿನ ಬ್ರೇಕ್ ಪ್ಯಾಡ್: ಕಂಪನಿಯದೇ ಬೇಕೇ, ಪೇಟೆಯದು ಸಾಕೇ?

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದಾಗ ನಾವು ಹೆಂಗಸರು ಎಷ್ಟು ಜೋರು! ಪಾತ್ರೆ ಅಂಗಡಿಯವನು “ಇದೂ ಒಳ್ಳೇದೇ ಅಮ್ಮಾ, ಅರ್ಧ ಬೆಲೆ” ಎಂದು ಬೇರೆ ಯಾವುದೋ ರಬ್ಬರ್ ಬಳೆಯನ್ನು ಮುಂದೆ ಹಿಡಿದರೆ, “ಬೇಡಪ್ಪಾ, ಕಂಪನಿದೇ ಕೊಡು” ಅಂತೀವಿ. ಡಬ್ಬದ ಮೇಲಿನ ಹೆಸರು ಓದುತ್ತೇವೆ, ಅಳತೆ ಕೇಳುತ್ತೇವೆ, ಬೆಲೆಗೆ ಚೌಕಾಸಿ ಮಾಡುತ್ತೇವೆ. ಅದೇ ನಾವು, ಮನೆಯ ಕಾರು ಗ್ಯಾರೇಜಿಗೆ ಹೋದಾಗ ಮಾತ್ರ “ಏನು ಬೇಕೋ ನೀವೇ ನೋಡಿ ಹಾಕಿಬಿಡಿ” ಎಂದು ಹೇಳಿ ಬಂದುಬಿಡುತ್ತೇವೆ. ನಾನೂ ಹಾಗೇ ಹೇಳಿ ಬಂದವಳು. ಅದರ ಫಲವನ್ನು ಆಗುಂಬೆ ಘಾಟಿಯಲ್ಲಿ ಉಂಡವಳು.

ಶಿವಮೊಗ್ಗೆಯಿಂದ ಉಡುಪಿಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವಳು ನಾನು. ಪಕ್ಕದಲ್ಲಿ ನಮ್ಮವರು, ಹಿಂದಿನ ಸೀಟಿನಲ್ಲಿ ಅತ್ತೆಯವರು, ಇಬ್ಬರು ಮಕ್ಕಳು, ಜೊತೆಗೆ ನಾದಿನಿಗೆಂದು ಕಟ್ಟಿಸಿದ ಉಪ್ಪಿನಕಾಯಿ ಭರಣಿ. ಹೊರಡುವ ಮೂರು ವಾರ ಮುಂಚೆ ಮುಂದಿನ ಚಕ್ರಗಳಲ್ಲಿ ಕೀಚು ಕೀಚು ಸದ್ದು ಬರುತ್ತಿತ್ತೆಂದು ಹತ್ತಿರದ ಗ್ಯಾರೇಜಿನಲ್ಲಿ ಹೊಸ ಬ್ರೇಕ್ ಪ್ಯಾಡ್ ಹಾಕಿಸಿದ್ದೆ. “ಒರಿಜಿನಲ್ ಮೇಡಂ, ನಮ್ಮ ಕಡೆ ಆದ್ದರಿಂದ 900ಕ್ಕೆ” ಅಂದಿದ್ದರು. ಬಿಲ್ಲು ಕೇಳಲಿಲ್ಲ. ಡಬ್ಬದ ಮೇಲೆ ಕಾರಿನ ಕಂಪನಿಯ ಹೆಸರಿತ್ತು, ಅಷ್ಟೇ ನೋಡಿದ್ದು.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಆರೇಳು ತಿರುವು ದಾಟಿರಬಹುದು, ಸುಟ್ಟ ವಾಸನೆ ಮೂಗಿಗೆ ಬಡಿಯಿತು. “ಏನೇ, ಒಲೆ ಮೇಲೆ ಏನಾದರೂ ಇಟ್ಟು ಬಂದೆಯಾ?” ಎಂದು ಅತ್ತೆಯವರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಪೆಡಲನ್ನು ಒತ್ತಿದರೆ ಗಟ್ಟಿಯಾಗಿಯೇ ಇದೆ, ಕಾಲಿನ ಬಲವೆಲ್ಲ ಹಾಕಿದ್ದೇನೆ, ಕಾರು ಮಾತ್ರ ನಿಧಾನವಾಗುತ್ತಲೇ ಇಲ್ಲ! ಎದುರಿಗೆ ಮೇಲೆ ಹತ್ತಿ ಬರುತ್ತಿದ್ದ ವ್ಯಾನು. “ಗೇರು ಇಳಿಸು, ಗೇರು ಇಳಿಸು” ಎಂದು ನಮ್ಮವರು ಕೂಗಿದರು. ಮೂರರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ತಂದು, ಹ್ಯಾಂಡ್ ಬ್ರೇಕನ್ನೂ ಎಳೆಯುತ್ತಾ ಹೇಗೋ ಬದಿಗೆ ನಿಲ್ಲಿಸಿದೆ. ಚಕ್ರಗಳಿಂದ ಹೊಗೆ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಒಂದನೇ ಗೇರಿನಲ್ಲೇ ಇರುವೆಯ ಹಾಗೆ ಇಳಿದೆವು.

ತಪ್ಪು ನನ್ನದೂ ಇತ್ತು, ಒಪ್ಪಿಕೊಳ್ಳುತ್ತೇನೆ. ಘಾಟಿಯನ್ನು ಮೂರನೇ ಗೇರಿನಲ್ಲಿ ಇಳಿಯುತ್ತಾ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದಿದ್ದೆ. ಆದರೆ ಅದೇ ದಾರಿಯನ್ನು ಅದೇ ಕೆಟ್ಟ ಅಭ್ಯಾಸದಿಂದ ಮೊದಲು ನಾಲ್ಕಾರು ಸಲ ಇಳಿದಿದ್ದೆನಲ್ಲ, ಆಗ ಹೀಗಾಗಿರಲಿಲ್ಲ.

ಉಡುಪಿಯಲ್ಲಿ ನಾದಿನಿಯ ಯಜಮಾನರ ಪರಿಚಯದ ಒಬ್ಬ ಹಿರಿಯ ಮೇಸ್ತ್ರಿ ಚಕ್ರ ಬಿಚ್ಚಿದರು. ಪ್ಯಾಡನ್ನು ಕೈಯಲ್ಲಿ ಹಿಡಿದು ಉಗುರಿನಿಂದ ಅಂಚನ್ನು ಕೆರೆದರು. ಹುರಿಗಡಲೆ ಪುಡಿಯ ಹಾಗೆ ಉದುರಿತು. “ಅಕ್ಕಾ, ಡಬ್ಬ ಮಾತ್ರ ಕಂಪನಿದು ಇರಬಹುದು, ಒಳಗಿನ ಮಾಲು ಯಾರದ್ದೋ. ಇದಕ್ಕೆ ಬ್ರೇಕ್ ಪ್ಯಾಡ್ ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೇ” ಅಂದರು.

ಆ ದಿನ ಅವರ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ಕಲಿತದ್ದನ್ನೂ, ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ.

ಬ್ರೇಕು ಎಂದರೆ ಒಂದು ಒಲೆ ಎಂದುಕೊಳ್ಳಿ. ಓಡುವ ಕಾರಿನ ಶಕ್ತಿಯನ್ನೆಲ್ಲ ಅದು ಶಾಖವಾಗಿ ಬದಲಾಯಿಸುತ್ತದೆ. ಮುಂದಿನ ಚಕ್ರದ ಜೊತೆಗೆ ತಟ್ಟೆಯಂಥ ಕಬ್ಬಿಣದ ಡಿಸ್ಕ್ ತಿರುಗುತ್ತಿರುತ್ತದೆ. ಪೆಡಲ್ ಒತ್ತಿದಾಗ ಎರಡು ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಇಕ್ಕಳದ ಹಾಗೆ ಹಿಡಿಯುತ್ತವೆ. ಒಂದು ಚಕ್ರಕ್ಕೆ ಎರಡು, ಮುಂದಿನ ಎರಡೂ ಚಕ್ರಕ್ಕೆ ಸೇರಿ ನಾಲ್ಕು. ನಮ್ಮ ಹೆಚ್ಚಿನ ಸಣ್ಣ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಡ್ರಮ್ಮು ಮತ್ತು ಬ್ರೇಕ್ ಶೂ. ಅದರ ಕಥೆ ಬೇರೆ. ಪ್ಯಾಡು ಎಂದರೆ ಉಕ್ಕಿನ ಫಲಕ, ಅದರ ಮೇಲೆ ಹೊಸದರಲ್ಲಿ ಸುಮಾರು 10 ಮಿಲಿಮೀಟರ್ ದಪ್ಪದ ಘರ್ಷಣೆಯ ಮಿಶ್ರಣ. ನಾರು, ಲೋಹದ ಪುಡಿ, ಗ್ರಾಫೈಟ್ ಮುಂತಾದುವನ್ನು ರಾಳದಲ್ಲಿ ಕಲಸಿ, ಒತ್ತಿ, ಬೇಯಿಸಿ ಮಾಡುವ ಹದವಾದ ಪಾಕ ಅದು. ಪಾಕ ಕೆಟ್ಟರೆ ಮೈಸೂರುಪಾಕು ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ?

ಕಳಪೆ ಮಿಶ್ರಣ ಅತಿಯಾಗಿ ಕಾದಾಗ ಅದರ ರಾಳ ಸುಟ್ಟು ಅನಿಲ ಬಿಡುತ್ತದೆ, ಪ್ಯಾಡಿಗೂ ಡಿಸ್ಕಿಗೂ ನಡುವೆ ಹಿಡಿತ ತಪ್ಪುತ್ತದೆ. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ದೋಷ ಹೆಚ್ಚಾಗಿ ಪ್ಯಾಡಿನದು. ಪೆಡಲೇ ಮೆತ್ತಗಾಗಿ ನೆಲಕ್ಕೆ ಇಳಿದುಹೋದರೆ ಬ್ರೇಕ್ ಆಯಿಲ್ ಕುದಿದಿದೆ ಅಥವಾ ಸೋರಿದೆ ಎಂದು ಅರ್ಥ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ತೇವ ಸೇರಿದಷ್ಟೂ ಬೇಗ ಕುದಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಎಷ್ಟೇ ಒಳ್ಳೆಯ ಪ್ಯಾಡ್ ಹಾಕಿಸಿದರೂ ಈ ಎಣ್ಣೆ ಹಳತಾಗಿದ್ದರೆ ಘಾಟಿಯಲ್ಲಿ ನಂಬುವಂತಿಲ್ಲ.

ಈಗ ಮುಖ್ಯ ಪ್ರಶ್ನೆ. “ಒರಿಜಿನಲ್ಲಾ, ಡೂಪ್ಲಿಕೇಟಾ?” ಎಂದು ನಾವು ಎರಡೇ ಮಾತಿನಲ್ಲಿ ಕೇಳುತ್ತೇವೆ. ಅಲ್ಲೇ ಎಡವುವುದು. ಕಾರಿನ ಕಂಪನಿಗಳು ಸಾಮಾನ್ಯವಾಗಿ ಬ್ರೇಕ್ ಪ್ಯಾಡನ್ನು ತಾವೇ ತಯಾರಿಸುವುದಿಲ್ಲ! ಬ್ರೇಕಿನದೇ ಕಸುಬಿನ ಕಾರ್ಖಾನೆಗಳಿಂದ ಮಾಡಿಸಿಕೊಂಡು, ತಮ್ಮ ಹೆಸರಿನ ಡಬ್ಬದಲ್ಲಿ ಮಾರುತ್ತವೆ. ಚೆನ್ನೈಯಲ್ಲಿ 1962ರಲ್ಲಿ ಶುರುವಾದ ಬ್ರೇಕ್ಸ್ ಇಂಡಿಯಾ, 1964ರಲ್ಲಿ ಶುರುವಾದ ರಾಣೆ ಬ್ರೇಕ್ ಲೈನಿಂಗ್ ಇಂಥವು. ಇಂಥ ತಯಾರಕರು ಕಾರಿನ ಕಂಪನಿಗಳಿಗೂ ಒದಗಿಸುತ್ತಾರೆ, ಪೇಟೆಯಲ್ಲಿ ತಮ್ಮದೇ ಹೆಸರಿನಲ್ಲೂ ಮಾರುತ್ತಾರೆ. ಹಾಗಾಗಿ ‘ಪೇಟೆಯದು’ ಎಂದಾಕ್ಷಣ ಮೂಗು ಮುರಿಯಬೇಕಾಗಿಲ್ಲ. ಮೂಗು ಮುರಿಯಬೇಕಾದದ್ದು ಹೆಸರಿಲ್ಲದ ಅಗ್ಗದ ಮಾಲಿಗೆ. ಅದಕ್ಕಿಂತ ಹೆಚ್ಚಾಗಿ, ನನಗೆ ಸಿಕ್ಕಿದಂಥ, ದೊಡ್ಡವರ ಹೆಸರು ಹೊತ್ತ ಕಳ್ಳ ಮಾಲಿಗೆ.

ಅಂದಮೇಲೆ ತಯಾರಕರದೇ ಡಬ್ಬ ಕೊಂಡರೆ ಅರ್ಧ ಬೆಲೆಗೆ ಒರಿಜಿನಲ್ ಸಿಕ್ಕಿದ ಹಾಗೇ ಅಲ್ಲವೇ ಎಂದು ನಾನೂ ಕುಣಿದೆ. ಮೇಸ್ತ್ರಿ ತಡೆದರು. ತಯಾರಕರು ಒಬ್ಬರೇ ಆದರೂ ಪೇಟೆಯ ಡಬ್ಬದ ಮಿಶ್ರಣ ಕಾರಿನ ಕಂಪನಿಗೆ ಕೊಟ್ಟ ಮಿಶ್ರಣವೇ ಆಗಿರಬೇಕೆಂದಿಲ್ಲ. ಒಂದೇ ಮನೆಯಲ್ಲಿ ಹಬ್ಬದ ಸಾರೂ ಆಗುತ್ತದೆ, ದಿನದ ಸಾರೂ ಆಗುತ್ತದೆ. ದಿನದ ಸಾರು ಕೆಟ್ಟದ್ದೇನಲ್ಲ, ಊಟಕ್ಕೆ ಸಾಕು.

ಪೇಟೆಯ ಕೆಲವು ಪ್ಯಾಡುಗಳು ಕಂಪನಿಯದಕ್ಕಿಂತ ಬೆಲೆ ಹೆಚ್ಚಿನವೂ ಇವೆ. ಸೆರಾಮಿಕ್ ಎನ್ನುವುದು ಸದ್ದು ಕಡಿಮೆ, ಚಕ್ರಕ್ಕೆ ಅಂಟುವ ಕಪ್ಪು ಧೂಳೂ ಕಡಿಮೆ. ಲೋಹದ ಅಂಶ ಹೆಚ್ಚಿದ್ದು ಶಾಖ ತಡೆಯುತ್ತದೆ, ಆದರೆ ಗದ್ದಲ ಮಾಡುತ್ತದೆ, ಡಿಸ್ಕನ್ನೂ ಬೇಗ ಸವೆಸುತ್ತದೆ. ಮಕ್ಕಳನ್ನು ಶಾಲೆಗೆ ಬಿಟ್ಟು ತರಕಾರಿ ತರುವ ಕಾರಿಗೆ ಇವೆಲ್ಲ ಯಾಕೆ ಬೇಕು, ನನಗಂತೂ ತಿಳಿಯದು.

ಇಲ್ಲೊಂದು ಸ್ವಾರಸ್ಯದ ಸಂಗತಿ. “ಹೆಂಗಸರಿಗೆ ಬ್ರೇಕಿನ ವಿಚಾರ ಯಾಕೆ?” ಅನ್ನುವವರಿಗೆ ಹೇಳಿ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆಯೇ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ತವರೂರು ಫೋರ್ಟ್ಸ್‌ಹೈಮಿಗೆ ಹೋದಳು. ನೂರು ಕಿಲೋಮೀಟರಿನಷ್ಟು ದೂರ. ಇಳಿಜಾರಿನಲ್ಲಿ ಮರದ ಬ್ರೇಕು ಸವೆದುಹೋಗಲು, ದಾರಿಯ ಊರಿನ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿಕೊಂಡಳಂತೆ. ಬ್ರೇಕಿಗೆ ಹೊದಿಕೆ ಹಾಕುವ ಪದ್ಧತಿ ಆಕೆಯಿಂದಲೇ ಶುರುವಾಯಿತೆಂದು ಹೇಳುತ್ತಾರೆ. ಅಂದರೆ ಲೋಕದ ಮೊದಲ ಬ್ರೇಕ್ ಲೈನಿಂಗೇ ಕಂಪನಿಯದಲ್ಲ, ಪೇಟೆಯದು!

ಕೊಳ್ಳುವಾಗ ಡಬ್ಬವನ್ನು ನೀವೇ ಕೈಯಲ್ಲಿ ಹಿಡಿಯಿರಿ. ತಯಾರಕರ ಹೆಸರು ವಿಳಾಸ, ತಯಾರಾದ ತಿಂಗಳು ವರ್ಷ, ಗರಿಷ್ಠ ಬೆಲೆ, ದೂರಿಗೆ ಫೋನ್ ನಂಬರು ಇವೆಲ್ಲ ಕಾನೂನಿನ ಪ್ರಕಾರ ಇರಲೇಬೇಕು. ಪಾರ್ಟ್ ನಂಬರು ನಿಮ್ಮ ಕಾರಿನ ಮಾಡಲ್ಲಿಗೂ ವರ್ಷಕ್ಕೂ ಹೊಂದುತ್ತದೆಯೇ ಕೇಳಿ. ಆಮೇಲೆ ಪ್ಯಾಡನ್ನೇ ತಿರುಗಿಸಿ ನೋಡಿ. ಒಳ್ಳೆಯ ತಯಾರಕರು ಹಿಂಭಾಗದ ಫಲಕದ ಮೇಲೆ ಹೆಸರು, ಬ್ಯಾಚ್ ನಂಬರು ಒತ್ತಿರುತ್ತಾರೆ. ಫಲಕಕ್ಕೂ ಮಿಶ್ರಣಕ್ಕೂ ನಡುವೆ ಕೂದಲೆಳೆಯ ಬಿರುಕೂ ಕಾಣಬಾರದು. ಕೆಲವದರ ಅಂಚಿನಲ್ಲಿ ‘ಎಫ್‌ಎಫ್’, ‘ಎಫ್‌ಇ’ ಎಂದು ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ಅಮೆರಿಕದ ಪದ್ಧತಿಯ ಗುರುತು ಅದು. ಮೊದಲನೆಯದು ಸಾಧಾರಣ ಬಿಸಿಯಲ್ಲಿ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನ ಹಿಡಿತ. ‘ಇ’ ಎಂದರೆ ಘರ್ಷಣೆಯ ಅಂಕ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45. ಎರಡನೆಯ ಅಕ್ಷರ ಇಳಿದಿದ್ದರೆ ಕಾದಾಗ ಹಿಡಿತ ತಗ್ಗುತ್ತದೆ ಎಂದು ತಿಳಿಯಿರಿ. ಇದು ಹಿಡಿತದ ಲೆಕ್ಕವೇ ಹೊರತು ಬಾಳಿಕೆಯ ಭರವಸೆಯಲ್ಲ. ಯೂರೋಪಿನಲ್ಲಾದರೆ ಪೇಟೆಯ ಪ್ಯಾಡಿನ ಕೆಲಸ ಒರಿಜಿನಲ್‌ಗಿಂತ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದೆಂಬ ನಿಯಮವಿದೆ. ಅದನ್ನು ಪಾಸಾದ ಪ್ಯಾಡಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಜೊತೆಗೆ ‘90ಆರ್’ ಎಂದು ಅಚ್ಚಾಗಿರುತ್ತದೆ. ಕಂಡರೆ ಒಳ್ಳೆಯದೇ.

ಹಾಗಾದರೆ ನೀವು ಯಾವುದು ಹಾಕಿಸಬೇಕು? ಕಾರು ಇನ್ನೂ ವಾರಂಟಿಯಲ್ಲಿದ್ದರೆ ಕಂಪನಿಯದನ್ನೇ ಹಾಕಿಸಿ ಅನ್ನುತ್ತೇನೆ. ಸವೆಯುವ ವಸ್ತುವಾದ್ದರಿಂದ ಪ್ಯಾಡಿಗೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ ನಿಜ, ಆದರೆ ನಾಳೆ ಬ್ರೇಕಿನ ಬೇರೆ ಭಾಗ ಕೆಟ್ಟರೆ “ನೀವು ಹೊರಗಿನದು ಹಾಕಿಸಿದಿರಿ” ಎಂಬ ಜಗಳ ಯಾಕೆ? ವಾರಂಟಿ ಮುಗಿದ, ಊರೊಳಗೆ ಓಡಾಡುವ ಕಾರಿಗೆ ಹೆಸರುವಾಸಿ ತಯಾರಕರ ಪೇಟೆಯ ಡಬ್ಬ ಧಾರಾಳವಾಗಿ ಸಾಕು. ಮೇಲಿಂದ ಮೇಲೆ ಘಾಟಿ ಇಳಿಯುವವರು, ಕಾರಿನ ತುಂಬ ಜನ ಹೇರಿಕೊಂಡು ಹೋಗುವವರು ಮತ್ತೆ ಕಂಪನಿಯದಕ್ಕೇ ಹೋದರೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ. ಎಲ್ಲಿ ಕೊಂಡರೂ ಬಿಲ್ಲು ಬೇಕು. ಬಿಲ್ಲು ಕೊಡಲು ಹಿಂದೆಮುಂದೆ ನೋಡುವ ಅಂಗಡಿಯಿಂದ ಎದ್ದು ಬನ್ನಿ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ನಿಮ್ಮೂರ ಸಣ್ಣ ಅಂಗಡಿಯಾಗಲಿ, ಈ ಮಾತು ಒಂದೇ.

ಹಾಕಿಸುವಾಗ ಎಡ ಬಲ ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಿಸಬೇಕು, ಇಲ್ಲದಿದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಡಿಸ್ಕಿನ ದಪ್ಪ ಅಳೆಯಲು ಹೇಳಿ, ಕನಿಷ್ಠ ಎಷ್ಟಿರಬೇಕೆಂದು ಅದರ ಮೇಲೇ ಕೊರೆದಿರುತ್ತದೆ. ಹಳೆಯ ಬ್ರೇಕಿನ ಧೂಳನ್ನು ಬಾಯಿಂದ ಊದಲು ಬಿಡಬೇಡಿ. ಕೆಲವು ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುತ್ತದೆ, ಶ್ವಾಸಕೋಶಕ್ಕೆ ವಿಷ. ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಲು ಮೊದಲ 200–300 ಕಿಲೋಮೀಟರ್ ಮೃದುವಾಗಿ ಓಡಿಸಬೇಕು. ಹಾಕಿಸಿದ ಮಾರನೆಯ ದಿನವೇ ಘಾಟಿಗೆ ಹೊರಡಬೇಡಿ. ಮಿಶ್ರಣ 3 ಮಿಲಿಮೀಟರಿಗೆ ಇಳಿಯಿತೆಂದರೆ ಬದಲಾಯಿಸುವ ಕಾಲ ಬಂತು. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ಪಟ್ಟಿ ಇರುತ್ತದೆ, ಸವೆದಾಗ ಡಿಸ್ಕಿಗೆ ತಾಗಿ ಕೀಚು ಕೀಚು ಅನ್ನುತ್ತದೆ. ನನಗೆ ಮೊದಲು ಕೇಳಿಸಿದ್ದು ಅದೇ.

ಅಂದು ಉಡುಪಿಯಲ್ಲಿ ಕಂಪನಿಯ ಡಬ್ಬಕ್ಕೆ 2,100, ಬ್ರೇಕ್ ತಯಾರಕರ ಡಬ್ಬಕ್ಕೆ 1,400 ರೂಪಾಯಿ ಹೇಳಿದರು. ಹಿಂದಿರುಗುವಾಗ ಮತ್ತೆ ಘಾಟಿ ಹತ್ತಬೇಕಲ್ಲ, ಮುಂದೆಯೂ ನಾದಿನಿಯ ಮನೆಗೆ ಓಡಾಟ ಇದ್ದದ್ದೇ ಎಂದು 2,100 ಕೊಟ್ಟೆ. ಹಳೆಯ ನಾಲ್ಕು ಪ್ಯಾಡುಗಳನ್ನು ಮೇಸ್ತ್ರಿ ಕಾಗದದಲ್ಲಿ ಸುತ್ತಿಕೊಟ್ಟರು. ಶಿವಮೊಗ್ಗೆಗೆ ಬಂದವಳೇ ಅದನ್ನು ಒಯ್ದು ನಮ್ಮ ಗ್ಯಾರೇಜಿನವರ ಮೇಜಿನ ಮೇಲೆ ಇಟ್ಟೆ. ಅವರೂ ಉಗುರಿನಿಂದ ಕೆರೆದು ನೋಡಿದರು, ಮುಖ ಸಣ್ಣದಾಯಿತು. ತಮಗೂ ಮೋಸವಾಗಿದೆ ಎಂದರು; ನಂಬಿದೆನೋ ಇಲ್ಲವೋ ಹೇಳಲಾರೆ. 900 ರೂಪಾಯಿ ವಾಪಸು ಕೊಟ್ಟರು. ಅತ್ತೆಯವರು ಮಾತ್ರ ಈಗಲೂ ಆಗುಂಬೆ ದಾರಿ ಎಂದರೆ, “ಗೇರು ಇಳಿಸಿದೆಯೇನೇ?” ಎಂದು ಘಾಟಿ ಶುರುವಾಗುವ ಮೊದಲೇ ಕೇಳುತ್ತಾರೆ.