ನೆಗ್ಗಿಲು, ಹಾಗಲ, ಸೆಣಬು: ಇಲಿಗೆ ಹಿಡಿದ ಮದ್ದು ಮನುಷ್ಯನಿಗೂ ಹಿಡಿದೀತೇ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ವಿಜಯನಗರ ಜಿಲ್ಲೆಯ ಈ ಐದು ತಾಲ್ಲೂಕುಗಳ ಬಯಲುಸೀಮೆಯಲ್ಲಿ ನೆಗ್ಗಿಲು ಮುಳ್ಳು, ಹಾಗಲ, ಸೆಣಬು, ಹತ್ತಿ ಯಾರಿಗೂ ಅಪರಿಚಿತವಲ್ಲ. ಇವು ಕೇವಲ ಹೊಲದ ಬೆಳೆ, ಬದುವಿನ ಕಳೆಗಳಲ್ಲ. ಪುರುಷರ ಸಂತಾನಶಕ್ತಿಯ ಮೇಲೆ ಇವುಗಳ ಪರಿಣಾಮವೇನು ಎಂಬುದನ್ನು ವಿಜ್ಞಾನಿಗಳು ದಶಕಗಳಿಂದ ಪ್ರಯೋಗಪ್ರಾಣಿಗಳ ಮೇಲೆ ಪರೀಕ್ಷಿಸುತ್ತ ಬಂದಿದ್ದಾರೆ. ಮಕ್ಕಳಾಗದೆ ನೊಂದ ದಂಪತಿಗಳಿಗೆ 'ಪ್ರಯೋಗದಲ್ಲಿ ಸಾಬೀತಾದ ಗಿಡಮೂಲಿಕೆ' ಎಂಬ ಮಾತು ದೊಡ್ಡ ಭರವಸೆಯಾಗಿ ಕೇಳಿಸುತ್ತದೆ. ಆದರೆ ಆ ಪ್ರಯೋಗಗಳು ಹೇಳುವುದೇನು?

ಮೊದಲು ದೇಹದ ವ್ಯವಸ್ಥೆಯನ್ನು ಅರಿಯಬೇಕು. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಎರಡು ಹಾರ್ಮೋನುಗಳನ್ನು ಸ್ರವಿಸುತ್ತದೆ. ಮೊದಲನೆಯದರ ಪ್ರಚೋದನೆಯಿಂದ ವೃಷಣದಲ್ಲಿ ಟೆಸ್ಟೋಸ್ಟೆರಾನ್ ಉತ್ಪತ್ತಿಯಾಗುತ್ತದೆ. ಎರಡನೆಯದು ವೀರ್ಯಾಣುಗಳ ಬೆಳವಣಿಗೆಗೆ ನೆರವಾಗುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರಾನ್ ಹೆಚ್ಚಾದೊಡನೆ ಪಿಟ್ಯುಟರಿ ತನ್ನ ಕೆಲಸವನ್ನು ತಗ್ಗಿಸುತ್ತದೆ. ಹೀಗಾಗಿ ಹೊರಗಿನಿಂದ ಟೆಸ್ಟೋಸ್ಟೆರಾನ್ ಪಡೆದವರಲ್ಲಿ ವೀರ್ಯಾಣುಗಳು ಹೆಚ್ಚುವ ಬದಲು ಕಡಿಮೆಯಾಗುತ್ತವೆ. 'ಹಾರ್ಮೋನು ಏರಿದರೆ ಮಕ್ಕಳಾಗುತ್ತವೆ' ಎಂಬ ಸರಳ ಲೆಕ್ಕ ಇಲ್ಲಿ ನಡೆಯದು.

ಗುಲ್ಬರ್ಗ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದ ಸಂಶೋಧಕರು ಹಾಗಲಬೀಜದ ಸಾರವನ್ನು ಬಿಳಿ ಇಲಿಗಳಿಗೆ ನೀಡಿ ನಡೆಸಿದ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಇಲಿಗಳಲ್ಲಿ ವೀರ್ಯಾಣುಗಳ ಉತ್ಪತ್ತಿ ಕುಗ್ಗಿದ್ದು ಕಂಡುಬಂತು. ಅದೇ ವಿಭಾಗದ ಮತ್ತೊಂದು ಅಧ್ಯಯನ 2004ರಲ್ಲಿ ಬೆಳಕು ಕಂಡಿತು. ಸೆಣಬಿನ ಬೀಜದ ಸಾರವನ್ನು 30 ದಿನ ಪಡೆದ ಸುಂಡಿಲಿಗಳ ವೃಷಣದ ತೂಕ ಇಳಿದಿತ್ತು, ವೀರ್ಯಾಣುಗಳಾಗಿ ಬೆಳೆಯುವ ಕೋಶಗಳ ಸಂಖ್ಯೆ ತಗ್ಗಿತ್ತು. ಈ ಅಧ್ಯಯನಗಳ ಹಿಂದಿದ್ದ ಪ್ರಶ್ನೆ ಪುರುಷರಿಗೆ ಸಸ್ಯಮೂಲದ ಗರ್ಭನಿರೋಧಕ ದೊರೆತೀತೇ ಎಂಬುದೇ ಹೊರತು ಶಕ್ತಿವರ್ಧಕದ ಶೋಧವಲ್ಲ.

ಇದನ್ನು ಓದಿ ಹಾಗಲಕಾಯಿ ಪಲ್ಯಕ್ಕೆ ಹೆದರಬೇಕಾಗಿಲ್ಲ. ಪ್ರಯೋಗದಲ್ಲಿ ಬಳಸಿದ್ದು ದ್ರಾವಕದಿಂದ ಬೇರ್ಪಡಿಸಿದ ಬೀಜದ ಸಾರ. ಸೆಣಬಿನ ಪ್ರಯೋಗದಲ್ಲಿ ಪ್ರತಿ 100 ಗ್ರಾಂ ದೇಹತೂಕಕ್ಕೆ 25 ಮಿಲಿಗ್ರಾಂ ಸಾರ ನೀಡಲಾಗಿತ್ತು. ಬರೀ ತೂಕದ ಲೆಕ್ಕದಲ್ಲಿ 60 ಕಿಲೋ ತೂಗುವವನಿಗೆ ಅದು 15 ಗ್ರಾಂ ಆಗುತ್ತದೆ. ದೇಹದ ಮೇಲ್ಮೈ ವಿಸ್ತೀರ್ಣವನ್ನು ಆಧರಿಸಿದ, ಔಷಧವಿಜ್ಞಾನದಲ್ಲಿ ಬಳಕೆಯಲ್ಲಿರುವ ಲೆಕ್ಕದಲ್ಲಿ ಸುಮಾರು 1.2 ಗ್ರಾಂ ಮಾತ್ರ. ಎರಡರ ನಡುವೆ ಹನ್ನೆರಡು ಪಟ್ಟು ಅಂತರ! ಕಾಲದಲ್ಲಿಯೂ ವ್ಯತ್ಯಾಸವುಂಟು. ವೀರ್ಯಾಣು ರೂಪುಗೊಳ್ಳಲು ಇಲಿಗೆ ಸುಮಾರು 50 ದಿನ ಸಾಕು. ಮನುಷ್ಯನಿಗೆ ಎರಡು ತಿಂಗಳಿಗೂ ಹೆಚ್ಚು ಬೇಕು.

ನೆಗ್ಗಿಲು ಮುಳ್ಳಿನ ಕಥೆ ಇನ್ನೂ ಸ್ವಾರಸ್ಯಕರ. ಅದರ ಸಾರದಿಂದ ಪ್ರಾಣಿಗಳಲ್ಲಿ ಟೆಸ್ಟೋಸ್ಟೆರಾನ್ ಏರಿದ ವರದಿಗಳಿವೆ. ಆದರೆ ಬಲ್ಗೇರಿಯಾದಲ್ಲಿ 20ರಿಂದ 36 ವರ್ಷದ 21 ಮಂದಿ ಆರೋಗ್ಯವಂತ ಯುವಕರ ಮೇಲೆ ನಾಲ್ಕು ವಾರ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಾರ್ಮೋನಿನ ಮಟ್ಟ ಏರಲೇ ಇಲ್ಲ.

ಪ್ರಾಣಿಗಳಿಂದ ಮನುಷ್ಯರವರೆಗೆ ಸಾಗಿ ಎಡವಿದ ಉದಾಹರಣೆ ಹತ್ತಿಬೀಜದ್ದು. ಅದರಲ್ಲಿರುವ ಗಾಸಿಪಾಲ್ ಎಂಬ ವಸ್ತು ವೀರ್ಯಾಣುಗಳನ್ನು ಕುಗ್ಗಿಸುತ್ತದೆಂದು ಅರಿತ ಚೀನಾ, 1970ರ ದಶಕದಲ್ಲಿ 8 ಸಾವಿರಕ್ಕೂ ಹೆಚ್ಚು ಪುರುಷರ ಮೇಲೆ ಅದನ್ನು ಪರೀಕ್ಷಿಸಿತು. ಗರ್ಭನಿರೋಧಕವಾಗಿ ಅದು ಫಲ ನೀಡಿತಾದರೂ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕರವಾಗಿ ಕುಸಿಯಿತು. ಮತ್ತೆ ಕೆಲವರಿಗೆ ಮದ್ದು ಬಿಟ್ಟ ಮೇಲೂ ಸಂತಾನಶಕ್ತಿ ಮರಳಲಿಲ್ಲ. ಕೊನೆಗೆ ಆ ಯತ್ನವನ್ನೇ ಕೈಬಿಡಲಾಯಿತು. ಇಂದು ಮಾರುಕಟ್ಟೆಯಲ್ಲಿರುವ ಶುದ್ಧೀಕರಿಸಿದ ಹತ್ತಿಬೀಜದ ಎಣ್ಣೆಯಲ್ಲಿ ಗಾಸಿಪಾಲನ್ನು ತೆಗೆದಿರುತ್ತಾರೆ.

ಇಷ್ಟರಿಂದ ನಾಟಿ ವೈದ್ಯದ ಅರಿವೆಲ್ಲ ಸುಳ್ಳೆಂದು ತೀರ್ಮಾನಿಸುವುದು ತಪ್ಪು. ಯಾವ ಗಿಡವನ್ನು ಪರೀಕ್ಷಿಸಬೇಕೆಂಬ ಸುಳಿವನ್ನು ವಿಜ್ಞಾನಕ್ಕೆ ಎಷ್ಟೋ ಬಾರಿ ಕೊಟ್ಟದ್ದು ಅದೇ. ಆದರೆ ಇಲಿಯ ಮೇಲಿನ ಫಲಿತಾಂಶ ಪ್ರಶ್ನೆಯ ಆರಂಭವೇ ಹೊರತು ಉತ್ತರವಲ್ಲ. ಲೈಂಗಿಕ ಶಕ್ತಿ ವೃದ್ಧಿಸುವುದಾಗಿ ಔಷಧಿಗಳ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ.

ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದಲ್ಲಿ ಪತ್ನಿಯೊಬ್ಬಳನ್ನೇ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವುದು ನ್ಯಾಯವಲ್ಲ. ಬಂಜೆತನದ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ. ವೀರ್ಯಪರೀಕ್ಷೆ ಸರಳವಾದದ್ದು, ನೋವಿಲ್ಲದ್ದು. ಚೂರ್ಣದ ಡಬ್ಬಿಗೆ ಕೈ ಹಾಕುವ ಮುನ್ನ ಆ ಪರೀಕ್ಷೆ ಮಾಡಿಸಿಕೊಂಡು, ಈಗಾಗಲೇ ಸೇವಿಸುತ್ತಿರುವ ಗಿಡಮೂಲಿಕೆಗಳ ಹೆಸರನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸುವುದು ಒಳಿತು.