ತುಕ್ಕು ಹಿಡಿದ ಬೋಲ್ಟು ಮತ್ತು ಅವಸರದ ವೆಚ್ಚ

ಪಿ.ಜೆ. ಬಡಾವಣೆಯಂತಹ ಹಳೆಯ ಬಡಾವಣೆಯ ಮನೆಯಂಗಳದಲ್ಲಿ ವರ್ಷಗಟ್ಟಲೆ ನಿಂತ ಅಂಬಾಸಿಡರ್ ಅಥವಾ ಪದ್ಮಿನಿ ಕಾರನ್ನು ಮತ್ತೆ ರಸ್ತೆಗಿಳಿಸಲು ಒಪ್ಪಿಕೊಳ್ಳುವ ಗ್ಯಾರೇಜಿನ ಲಾಭ-ನಷ್ಟವನ್ನು ಬಹುಮಟ್ಟಿಗೆ ಕಚ್ಚಿಕೊಂಡ ಬೋಲ್ಟುಗಳೇ ನಿರ್ಧರಿಸುತ್ತವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿರುವುದರಿಂದ ಮೂಲ ಭಾಗಗಳನ್ನು ಕೆಡಿಸದೆ ಬಿಚ್ಚುವುದು ಅವಶ್ಯ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಥ್ರೆಡ್ಡುಗಳು ಬಿಗಿದುಕೊಳ್ಳುತ್ತವೆ. ತಂತಿಯ ಬ್ರಷ್ಷಿನಿಂದ ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಬೇಕು. ಮರುದಿನ ಬೋಲ್ಟಿನ ತಲೆಯನ್ನು ಹಗುರವಾಗಿ ತಟ್ಟಿ, ಮೊದಲು ಕೊಂಚ ಬಿಗಿದು, ಬಳಿಕ ಸಡಿಲಿಸಬೇಕು. ಹಳೆಯ ಅಂಬಾಸಿಡರಿಗೆ ಇಂಚಿನ ಸ್ಪ್ಯಾನರು, ಪದ್ಮಿನಿಗೆ ಮಿಲಿಮೀಟರಿನದು. ಅದಲುಬದಲಾದರೆ ತಲೆಯ ಮೂಲೆಗಳು ಸವೆಯುತ್ತವೆ. ಶಾಖ ಕೊಡುವುದು ಕೊನೆಯ ಉಪಾಯ. ಅದಕ್ಕೆ ಮುನ್ನ ಎಣ್ಣೆಯನ್ನು ಒರೆಸಿ, ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿರಿಸಬೇಕು.

ಬೋಲ್ಟು ಒಳಗೇ ಮುರಿದರೆ ಕೊರೆದು, ಹೊಸ ಥ್ರೆಡ್ಡು ಹಾಕಬೇಕಾಗುತ್ತದೆ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರಿನ ಲೇತುಗಳಿಂದ ಹೆಸರಾದ ಹರಿಹರದ ನೆರೆಯಲ್ಲಿ ಇದು ಅಸಾಧ್ಯವೇನಲ್ಲ. ಆದರೆ ಕೆಲವೇ ರೂಪಾಯಿಗಳ ಬೋಲ್ಟು ಇಡೀ ದಿನದ ಕೂಲಿಯನ್ನು ನುಂಗಬಲ್ಲದು.

ಆದ್ದರಿಂದ ಅಂದಾಜುಪಟ್ಟಿಯಲ್ಲಿ ಬಿಚ್ಚುವ ಕೆಲಸವನ್ನು ಗಂಟೆಯ ಲೆಕ್ಕದಲ್ಲಿ ಪ್ರತ್ಯೇಕ ಬಾಬ್ತಾಗಿ ನಮೂದಿಸಿ, ಬೋಲ್ಟು ಮುರಿದರೆ ತಗಲುವ ವೆಚ್ಚವನ್ನು ಗ್ರಾಹಕರಿಗೆ ಮೊದಲೇ ಲಿಖಿತವಾಗಿ ತಿಳಿಸುವುದು ಕ್ಷೇಮ. ಎಣ್ಣೆ ಇಳಿಯಲು ಬಿಟ್ಟ ರಾತ್ರಿಗೆ ಕೂಲಿ ಕೊಡಬೇಕಾಗಿಲ್ಲ ಎಂಬುದನ್ನೂ ಮರೆಯಬಾರದು.