ಕೆರೆಕಟ್ಟೆಗಳ ಹಸುರು ಪಾಚಿ ಮತ್ತು ಅದರ ನಿವಾರಣೆ

ಬೇಸಗೆಯಲ್ಲಿ ನೀರು ತಗ್ಗಿದ ಕೆರೆಕಟ್ಟೆಗಳ ಮೇಲೆ ಹಸುರು ಬಣ್ಣವನ್ನು ಚೆಲ್ಲಿದಂತೆ ಪಾಚಿಯು ಕೆನೆಗಟ್ಟುವುದುಂಟು. ಇದೇ ನೀಲಿ-ಹಸುರು ಪಾಚಿ. ಇದರ ಕೆಲವು ಜಾತಿಗಳು ವಿಷಯುಕ್ತವಾದವು. ಆಸ್ಟ್ರೇಲಿಯದ ಅಲೆಕ್ಸಾಂಡ್ರಿನಾ ಸರೋವರದಲ್ಲಿ ಇಂತಹ ನೀರನ್ನು ಕುಡಿದು ಕುರಿ, ಕುದುರೆ, ನಾಯಿಗಳು ಸತ್ತ ಸಂಗತಿಯನ್ನು ಜಾರ್ಜ್ ಫ್ರಾನ್ಸಿಸ್ ಎಂಬವರು 1878ರಲ್ಲಿಯೇ ಪ್ರಕಟಿಸಿದರು. ಈ ವಿಷಗಳಲ್ಲಿ ಮುಖ್ಯವಾದವು ನೀರನ್ನು ಕುದಿಸಿದರೂ ನಾಶವಾಗವು.

ಪಾಚಿಗೆ ಮುಖ್ಯಾಹಾರವು ರಂಜಕ ಮತ್ತು ಸಾರಜನಕ. ತಿಪ್ಪೆಯ ರಸ, ಕೊಟ್ಟಿಗೆಯ ಗಂಜಲ, ಹೊಲಕ್ಕೆ ಹಾಕಿದ ಗೊಬ್ಬರ, ಇವು ಮಳೆನೀರಿನೊಡನೆ ಕಟ್ಟೆಗೆ ಸೇರಿದಷ್ಟೂ ಪಾಚಿಯು ಹೆಚ್ಚುವುದು. ಬೆಳೆಗೆ ಸಲ್ಲತಕ್ಕ ಸಾರವೇ ಹೀಗೆ ನೀರನ್ನು ಕೆಡಿಸುವುದು.

ಮೈಲುತುತ್ತದಿಂದ ಪಾಚಿಯನ್ನು ಕೊಲ್ಲಬಹುದು, ನಿಜ. ಆದರೆ ಸಾಯುವ ಪಾಚಿಯು ತನ್ನೊಳಗಿನ ವಿಷವನ್ನು ನೀರಿಗೆ ಬಿಡುವುದು, ಮೀನುಗಳಿಗೂ ಅಪಾಯವುಂಟು. ಆದಕಾರಣ ಮೂಲವನ್ನೇ ತಡೆಯುವುದು ಲೇಸು.

1. ಕಟ್ಟೆಗೆ ನೀರು ಹರಿದುಬರುವ ದಿಕ್ಕಿನಲ್ಲಿ ತಿಪ್ಪೆಗಳನ್ನು ಇಡಕೂಡದು.
2. ಹೊಲಕ್ಕೂ ಕಟ್ಟೆಗೂ ನಡುವೆ ಹುಲ್ಲಿನ ಪಟ್ಟಿಯನ್ನು ಬೆಳೆಸತಕ್ಕದ್ದು.
3. ಕಟ್ಟೆಯು ಬತ್ತಿದಾಗ ಹೂಳನ್ನೆತ್ತಿ ಹೊಲಕ್ಕೆ ಹಾಕತಕ್ಕದ್ದು.
4. ಕೆನೆಯು ಕಂಡೊಡನೆ ದನಕರುಗಳನ್ನು ಆ ನೀರಿಗೆ ಬಿಡದೆ ಬಾವಿಯ ನೀರನ್ನು ಕುಡಿಸತಕ್ಕದ್ದು.

ಒಬ್ಬಿಬ್ಬರು ಮಾಡಿದರೆ ಇದು ಫಲಿಸದು. ಒಬ್ಬನ ತಿಪ್ಪೆಯಿಂದ ಊರಿನ ಕಟ್ಟೆಯೇ ಕೆಡುವುದರಿಂದ ಗ್ರಾಮದ ಮುಖಂಡರೇ ಮುಂದಾಗಿ, ಮಳೆಗಾಲಕ್ಕೆ ಮೊದಲೇ ಈ ಏರ್ಪಾಡುಗಳನ್ನು ಮಾಡಿಸುವುದು ಉತ್ತಮ.